ಡಲ್ಲಾಸ್: ‘ಆಕ್ಟಿವ್ ಆಪ್ಷನ್ ಕಾಂಟ್ರಾಕ್ಟ್’ ಅಂದ್ರೆ ಮನೆ ಕೈತಪ್ಪಿದ ಹಾಗಾ?

ಪ್ರಶ್ನೆ: ಹಿಡಿಸಿದ ಮನೆ ಮಾರಾಟದ ಪಟ್ಟಿಯಲ್ಲಿ ನಿನ್ನೆ ‘ಆಕ್ಟಿವ್’ (ಮಾರಾಟಕ್ಕಿದೆ) ಅಂತಿತ್ತು, ಇವತ್ತು ‘ಆಕ್ಟಿವ್ ಆಪ್ಷನ್ ಕಾಂಟ್ರಾಕ್ಟ್’ ಅಂತ ತೋರಿಸ್ತಿದೆ. ನೋಡೋಕೆ ಹೋಗಬಹುದಾ?

ಉತ್ತರ 1: ಖಂಡಿತ ಹೋಗಿ ಸರ್. ಒಪ್ಪಂದ ಆಗಿದೆ, ಆದರೆ ಕೊಳ್ಳುವವರು ಆಪ್ಷನ್ ಫೀ (ಹಿಂದೆ ಸರಿಯುವ ಹಕ್ಕಿಗೆ ಕೊಡುವ ಶುಲ್ಕ) ಕಟ್ಟಿ ತಪಾಸಣೆಗೆ ಕೆಲವು ದಿನ ಪಡೆದಿದ್ದಾರೆ. ಕೊನೆಯ ದಿನ ಸಂಜೆ 5ರೊಳಗೆ ಕಾರಣ ಕೊಡದೆಯೂ ಹಿಂದೆ ಸರಿಯಬಹುದು. ಫೌಂಡೇಶನ್ ಬಿರುಕು, ಆಲಿಕಲ್ಲಿಗೆ ಹಾಳಾದ ಛಾವಣಿ ಕಂಡರೆ ವ್ಯವಹಾರ ಮುರಿಯೋದು ಇಲ್ಲೇ. ಬ್ಯಾಕಪ್ ಆಫರ್ (ಮೊದಲ ಒಪ್ಪಂದ ಮುರಿದರೆ ಮನೆ ನಮಗೆ ಅನ್ನೋ ಆಫರ್) ಹಾಕಿಡಿ. ಸುಮ್ಮನೆ ಕಾಯ್ತಾ ಕೂತರೆ ಬೇರೆಯವರು ಹಿಡಿದುಬಿಡ್ತಾರೆ.

ಉತ್ತರ 2: ಪಟ್ಟಿಯಲ್ಲಿ ‘ಕಿಕ್ ಔಟ್’ ಅಂತಿದ್ದರೆ ಇನ್ನೂ ಒಳ್ಳೇದು. ಅಂದ್ರೆ ಮೊದಲು ಒಪ್ಪಂದ ಮಾಡಿದವರು ತಮ್ಮ ಹಳೇ ಮನೆ ಮಾರಾಟವಾದರೆ ಮಾತ್ರ ಕೊಳ್ತೀವಿ ಅಂತ ಷರತ್ತು ಹಾಕಿದ್ದಾರೆ, ಅದು ಇನ್ನೂ ಮಾರಾಟವಾಗಿಲ್ಲ. ನಿಮ್ಮ ಆಫರ್ ಒಪ್ಪಿಗೆಯಾದರೆ ಅವರು ಆ ಷರತ್ತನ್ನಾದರೂ ಬಿಡಬೇಕು, ಮನೆಯನ್ನಾದರೂ ಬಿಡಬೇಕು. ‘ಪೆಂಡಿಂಗ್’ (ಒಪ್ಪಂದ ಆಗಿ ಮಾರಾಟ ಮುಗಿಯೋದಷ್ಟೇ ಬಾಕಿ) ಆದ್ರೆ ಬೇರೆ ಮನೆ ನೋಡಿ.

ಪ್ರಶ್ನೆ ಕೇಳಿದವರು: ಬ್ಯಾಕಪ್‌ಗೆ ದುಡ್ಡು ಕಟ್ಟಬೇಕಾ?

ಉತ್ತರ 1: ಸಹಿಯಾದ ಮೇಲೆ ಮುಂಗಡ ಕಟ್ಟಬೇಕು. ಮೊದಲ ಒಪ್ಪಂದ ಮುರಿಯದಿದ್ದರೆ ಅದು ವಾಪಸ್. ಮುರಿಯಬೇಕಾದ ಕೊನೇ ದಿನಾಂಕ ಫಾರಂನಲ್ಲಿ ಬರೆಸೋದು ಮರೀಬೇಡಿ.