ಸಹಾಯ ಬೇಕು: ‘ಪೇಷನ್ಸ್ ಆಫ್ ಜೋಬ್’ ಅಂತ ಹೊಗಳಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಓದು ಕಲಿಸಿದ ಟೀಚರ್ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವನಿಗೆ ಅಕ್ಷರ ಹತ್ತಲು ತುಂಬಾ ಸಮಯ ಹಿಡಿಯಿತು. ಅವರು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೆ ಇಂಗ್ಲಿಷ್‌ನಲ್ಲಿ ಒಂದು ಕಾರ್ಡ್ ಬರೆಯುತ್ತಿದ್ದೇನೆ. ಅದರಲ್ಲಿ ‘ಯು ಹ್ಯಾವ್ ದ ಪೇಷನ್ಸ್ ಆಫ್ ಜೋಬ್’ ಅಂತ ಹಾಕುವ ಆಸೆ.

ಅಂದರೆ ‘ನಿಮಗೆ ಯೋಬನಷ್ಟು ತಾಳ್ಮೆ ಇದೆ’ ಅಂತ; ಬೈಬಲ್‌ನ ಯೋಬನನ್ನೇ ಇಂಗ್ಲಿಷ್‌ನಲ್ಲಿ ಜೋಬ್ ಅನ್ನುತ್ತಾರೆ. ಇದು ಬೈಬಲ್‌ನಿಂದ ಬಂದ ಮಾತು. ಅದರ ‘ಯಾಕೋಬನ ಪತ್ರಿಕೆ’ ಎಂಬ ಭಾಗದ 5ನೇ ಅಧ್ಯಾಯದಲ್ಲಿ ಯೋಬನ ತಾಳ್ಮೆಯ ಪ್ರಸ್ತಾಪವಿದೆ. 1611ರ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲ್‌ನಲ್ಲೂ ‘ಪೇಷನ್ಸ್’ ಅಂತಲೇ ಇದೆ. ಆದರೆ ಯೋಬನ ಕಥೆ ಓದಿದರೆ ಅವನು ಸುಮ್ನೆ ಸಹಿಸಿಕೊಂಡು ಕೂತವನಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಮೇಲೆ, ಯೋಬನ ಪುಸ್ತಕದ 3ನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ದೇವರನ್ನೇ ಪ್ರಶ್ನೆ ಮಾಡುತ್ತಾನೆ. ಆದರೂ ದೇವರ ಕೈ ಬಿಡುವುದಿಲ್ಲ. ನನಗೆ ಈ ತಾಳ್ಮೆಯೇ ಜಾಸ್ತಿ ಇಷ್ಟವಾಯಿತು.

ನನ್ನ ಅಳುಕು ಒಂದೇ. ‘ಇಟ್ ವುಡ್ ಟ್ರೈ ದ ಪೇಷನ್ಸ್ ಆಫ್ ಜೋಬ್’ ಅಂತಲೂ ಹೇಳುತ್ತಾರೆ, ಅಂದರೆ ಯೋಬನಿಗೂ ಸಾಕಾಗುವಷ್ಟು ಕಾಟ ಅಂತ. ಹಾಗಾದರೆ ನನ್ನ ಸಾಲಿನಲ್ಲೂ ಮಗ ಅವರಿಗೆ ಕಾಟವಾಗಿದ್ದ ಅನ್ನೋ ಧ್ವನಿ ಬರುತ್ತಾ? ‘ಪೇಷನ್ಸ್ ಆಫ್ ಎ ಸೇಂಟ್’ ಇನ್ನೂ ಮೃದುವಾಗಿ ಕೇಳಿಸುತ್ತೆ ಅಲ್ವಾ? ಇಂಗ್ಲಿಷ್ ಕಲಿಸುವವರು, ದಿನವೂ ಬಳಸುವವರು ದಯವಿಟ್ಟು ತಿಳಿಸಿ. ಕಾರ್ಡನ್ನು ಮಗ ತಾನೇ ಓದಿ ಕೊಡುತ್ತಾನೆ, ಹಾಗಾಗಿ ಸಾಲು ಚಿಕ್ಕದಾಗಿದ್ದರೆ ಒಳ್ಳೆಯದು.