ಡೋಸಿಂಗ್ ವೇದಿಕೆಗೂ ಜನ ದಾಟುವ ದಾರಿಗೂ ಒಂದೇ ಫೈಬರ್‌ಗ್ಲಾಸ್ ಗ್ರೇಟಿಂಗ್ ಸಾಕೇ?

ಪ್ರಶ್ನೆ – ನಿರ್ವಹಣಾ ಎಂಜಿನಿಯರ್

ನಮಸ್ಕಾರ. ನೀರು ಶುದ್ಧೀಕರಣ ಘಟಕವೊಂದರ ನಿರ್ವಹಣೆ ನನ್ನ ಹೊಣೆಯಲ್ಲಿದೆ. ಸೋಡಿಯಂ ಹೈಪೋಕ್ಲೋರೈಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲವನ್ನು ಅಳತೆಯಂತೆ ನೀರಿಗೆ ಸೇರಿಸುವ ಡೋಸಿಂಗ್ ಪಂಪುಗಳಿರುವ ವೇದಿಕೆಯಲ್ಲಿ ಹಾಸಿದ್ದ ಉಕ್ಕಿನ ಗ್ರೇಟಿಂಗ್ (ಪಟ್ಟಿಗಳ ಜಾಲರಿ ನೆಲ), ಸತುವಿನ ಲೇಪನವಿದ್ದರೂ ತುಕ್ಕು ಹಿಡಿದು, ಬೆಸುಗೆಯ ಬಳಿ ಪಟ್ಟಿಗಳು ಕಾಗದದಷ್ಟು ತೆಳುವಾಗಿ, ಕಾಲಿಟ್ಟರೆ ಅಲುಗಾಡುವ ಸ್ಥಿತಿಗೆ ಬಂದಿದೆ. ಅದನ್ನು ತೆಗೆದು ಫೈಬರ್‌ಗ್ಲಾಸ್ ಗ್ರೇಟಿಂಗ್ ಹಾಕಲು ತೀರ್ಮಾನವಾಗಿದೆ.

ವೇದಿಕೆಯ ಅಡಿಯ ಬೀಮ್‌ಗಳ ನಡುವೆ 1.2 ಮೀಟರ್ ಅಂತರವಿದೆ, ಹಲವು ಕಡೆ ಪೈಪುಗಳು ನೆಲವನ್ನು ತೂರಿ ಮೇಲೆ ಬರುತ್ತವೆ, ವೇದಿಕೆಯ ಕೆಳಗೂ ಜನ ಕೆಲಸ ಮಾಡುತ್ತಾರೆ. ಇದೇ ಆವರಣದಲ್ಲಿ 1.8 ಮೀಟರ್ ಅಗಲದ ತೆರೆದ ಕಾಲುವೆಯೊಂದಿದ್ದು, ಅದರ ಮೇಲೆ ಸಂದರ್ಶಕರು ದಾಟುವ ದಾರಿಯನ್ನೂ ಹೊಸದಾಗಿ ಮಾಡಬೇಕಿದೆ. ಅಲ್ಲಿ ಗಾಲಿಕುರ್ಚಿಯಲ್ಲಿ ಬರುವವರೂ ಇರುತ್ತಾರೆ. ಎರಡೂ ಕಡೆಗೆ 38 ಮಿ.ಮೀ. ದಪ್ಪದ ಒಂದೇ ಮಾಲು ಸಾಕೆಂದು ಸರಬರಾಜುದಾರರು ಹೇಳುತ್ತಿದ್ದಾರೆ. ಮೋಲ್ಡೆಡ್, ಪಲ್ಟ್ರೂಡೆಡ್ ಎಂಬ ಎರಡು ಬಗೆಗಳಲ್ಲಿ ಯಾವುದು ಸೂಕ್ತ, ಗಾಜಿನ ಎಳೆಗಳನ್ನು ಹಿಡಿದಿಡುವ ರಾಳ, ಅಂದರೆ ರೆಸಿನ್, ಯಾವುದನ್ನು ಕೇಳಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ – ಸ್ಟ್ರಕ್ಚರಲ್ ಎಂಜಿನಿಯರ್

ಸರ್, ದಪ್ಪದಿಂದ ಲೆಕ್ಕ ಆರಂಭಿಸುವುದನ್ನು ಬಿಟ್ಟು, ಆಧಾರದಿಂದ ಆಧಾರಕ್ಕೆ ಎಷ್ಟು ದೂರ ಎಂಬುದರಿಂದ ಆರಂಭಿಸಿ. ಫೈಬರ್‌ಗ್ಲಾಸ್ ಮುರಿಯುವುದಕ್ಕಿಂತ ಬಹಳ ಮೊದಲೇ ಬಾಗುತ್ತದೆ. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ (ವಸ್ತುವಿನ ಬಿಗಿತದ ಅಳತೆ) ಸುಮಾರು 200 ಗಿಗಾಪಾಸ್ಕಲ್ ಇದ್ದರೆ, ಫೈಬರ್‌ಗ್ಲಾಸ್ ಗ್ರೇಟಿಂಗ್‌ನದು ಅದರ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಆದ್ದರಿಂದ ಇಲ್ಲಿ ಆಯ್ಕೆಯನ್ನು ನಿರ್ಧರಿಸುವುದು ಬಲಕ್ಕಿಂತ ಹೆಚ್ಚಾಗಿ ಬಿಗಿತ. ಸಮನಾಗಿ ಹರಡಿದ ಭಾರಕ್ಕೆ ಬಾಗುವಿಕೆಯು ಅಂತರದ ನಾಲ್ಕನೆಯ ಘಾತದಲ್ಲಿ ಏರುತ್ತದೆ; ನಿಮ್ಮ ವೇದಿಕೆಯ 1.2 ಮೀಟರಿಗೆ ಹೋಲಿಸಿದರೆ ಕಾಲುವೆಯ 1.8 ಮೀಟರಿನಲ್ಲಿ ಅದೇ ಗ್ರೇಟಿಂಗ್ ಐದು ಪಟ್ಟು ಹೆಚ್ಚು ಬಾಗುತ್ತದೆ. ನಡುವೆ ನಿಂತ ಒಬ್ಬ ವ್ಯಕ್ತಿಯ ಭಾರಕ್ಕಾದರೂ ಮೂರು ಪಟ್ಟಿಗಿಂತ ಹೆಚ್ಚು. ಮುರಿಯುವ ಭಯವಿಲ್ಲದಿದ್ದರೂ ಕಾಲಡಿಯಲ್ಲಿ ನೆಲ ತೊನೆದರೆ ಸಂದರ್ಶಕರಿಗೆ ಅದರ ಮೇಲೆ ನಂಬಿಕೆ ಹುಟ್ಟುವುದಿಲ್ಲ.

ಯಂತ್ರಗಳ ಬಳಿಯ ವೇದಿಕೆ ಮತ್ತು ನಡಿಗೆದಾರಿಗಳಿಗೆ ಇರುವ ಐಎಸ್‌ಒ 14122-2 ಮಾನದಂಡವು ವಿನ್ಯಾಸದ ಭಾರದಡಿ ಬಾಗುವಿಕೆ ಅಂತರದ 1/200 ಭಾಗವನ್ನು ಮೀರಬಾರದೆನ್ನುತ್ತದೆ, ಅಂದರೆ ನಿಮ್ಮ ವೇದಿಕೆಯಲ್ಲಿ ಮಿತಿ 6 ಮಿ.ಮೀ. ಆಗುತ್ತದೆ. ಭಾರ ಬಿದ್ದ ಪ್ಯಾನೆಲ್‌ಗೂ ಪಕ್ಕದ ಖಾಲಿ ಪ್ಯಾನೆಲ್‌ಗೂ ನಡುವೆ 4 ಮಿ.ಮೀ.ಗಿಂತ ಹೆಚ್ಚು ಮೆಟ್ಟಿಲಾಗಬಾರದೆಂಬ ಮಾತೂ ಅದರಲ್ಲಿದೆ. ಜನ ಎಡವಿ ಬೀಳುವುದು ಈ ಎರಡನೆಯದರಿಂದ, ಆದರೆ ಇದನ್ನು ಕೇಳಿ ಪಡೆಯುವವರು ಕಡಿಮೆ.

ಇನ್ನು ಬಗೆಯ ವಿಚಾರ. ಮೋಲ್ಡೆಡ್ ಗ್ರೇಟಿಂಗ್‌ನಲ್ಲಿ ಗಾಜಿನ ಎಳೆಗಳನ್ನು ಅಚ್ಚಿನೊಳಗೆ ಎರಡೂ ದಿಕ್ಕಿಗೆ ಹೆಣೆದು ರೆಸಿನ್ ತುಂಬುತ್ತಾರೆ. ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಗಾಜು, ಉಳಿದದ್ದು ರೆಸಿನ್. ಪಲ್ಟ್ರೂಡೆಡ್‌ನಲ್ಲಿ ಎಳೆಗಳನ್ನು ಒಂದೇ ದಿಕ್ಕಿಗೆ ಎಳೆದು ಪಟ್ಟಿ ಮಾಡುತ್ತಾರೆ, ಗಾಜಿನ ಪಾಲು 60ರಿಂದ 70 ಶೇಕಡಾ. ಎರಡನೆಯದು ಬಿಗಿಯಾಗಿದ್ದು ಉದ್ದದ ಅಂತರವನ್ನು ದಾಟಬಲ್ಲದು, ಆದರೆ ಪಟ್ಟಿಗಳ ದಿಕ್ಕಿನಲ್ಲಿ ಮಾತ್ರ. ಪೈಪಿಗಾಗಿ ಅದರ ಎರಡು ಪಟ್ಟಿ ಕತ್ತರಿಸಿದರೆ ಆ ಭಾಗದ ಭಾರ ಹೊರುವ ಶಕ್ತಿಯೇ ಹೋಗುತ್ತದೆ. ಪೈಪುಗಳು ದಟ್ಟವಾಗಿರುವ ನಿಮ್ಮ ವೇದಿಕೆಗೆ, ಅಂತರ 1.2 ಮೀಟರ್ ಇರುವವರೆಗೆ, ಮೋಲ್ಡೆಡ್ ಸರಿಯಾದ ಆಯ್ಕೆ ಎಂದು ನನ್ನ ಅಭಿಪ್ರಾಯ. ಆದರೂ ತಯಾರಕರ ಭಾರದ ಕೋಷ್ಟಕದಲ್ಲಿ ನಿಮ್ಮ ಭಾರಕ್ಕೆ 6 ಮಿ.ಮೀ. ಮಿತಿಯೊಳಗೆ ಬರುತ್ತದೆಯೇ ಎಂದು ನೋಡಿಯೇ ಒಪ್ಪಿಕೊಳ್ಳಿ.

ಗ್ರೇಟಿಂಗ್‌ನ ಕಣ್ಣಿನ, ಅಂದರೆ ತೂತಿನ, ಅಳತೆಯನ್ನೂ ನೋಡಬೇಕು. ಸಾಮಾನ್ಯ ಮೋಲ್ಡೆಡ್ ಗ್ರೇಟಿಂಗ್‌ನ ಕಣ್ಣು ನಡುವಿನಿಂದ ನಡುವಿಗೆ 38 ಮಿ.ಮೀ., ಪಟ್ಟಿಯ ದಪ್ಪ ಕಳೆದರೆ ತೆರವು 30ರ ಆಸುಪಾಸು. ಮಾನದಂಡ ಹೇಳುವ 35 ಮಿ.ಮೀ. ಪರೀಕ್ಷಾ ಚೆಂಡು ಅದರಲ್ಲಿ ತೂರುವುದಿಲ್ಲವಾದ್ದರಿಂದ ಸಾಧಾರಣ ವೇದಿಕೆಗೆ ಅದು ನಡೆಯುತ್ತದೆ. ಆದರೆ ಕೆಳಗೆ ಜನ ಕೆಲಸ ಮಾಡುವ ಜಾಗವಾದರೆ ಅದೇ ಮಾನದಂಡ 20 ಮಿ.ಮೀ. ಚೆಂಡು ಕೂಡ ಬೀಳಬಾರದೆಂದು ಕೇಳುತ್ತದೆ. ಕೈಜಾರಿದ ನಟ್ಟು ಕೆಳಗಿನವರ ತಲೆಗೆ ಬೀಳಬಾರದಲ್ಲವೇ. ಆದ್ದರಿಂದ ಮೇಲ್ಪದರದಲ್ಲಿ ಕಣ್ಣುಗಳನ್ನು ಮತ್ತೆ ಒಡೆದು ಚಿಕ್ಕದಾಗಿಸಿದ ಮಿನಿ ಮೆಶ್ ಕೇಳಿ.

ಉತ್ತರ – ರಾಸಾಯನಿಕ ಸಾಮಗ್ರಿಗಳ ಸಲಹೆಗಾರ

ಮೇಲಿನ ಲೆಕ್ಕ ಒಪ್ಪುವಂಥದ್ದು. ರೆಸಿನ್ ಬಗ್ಗೆ ನನ್ನ ಮಾತು ನೇರವಾಗಿದೆ: ಹೈಪೋಕ್ಲೋರೈಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಎರಡೂ ತೊಟ್ಟಿಕ್ಕುವ ಜಾಗಕ್ಕೆ ವಿನೈಲ್ ಎಸ್ಟರ್ ಬಿಟ್ಟು ಬೇರೇನನ್ನೂ ಒಪ್ಪಬೇಡಿ. ಆರ್ಥೋಫ್ಥಾಲಿಕ್ ಪಾಲಿಯೆಸ್ಟರ್ ಸಾಧಾರಣ ಬಳಕೆಗೆ, ಐಸೋಫ್ಥಾಲಿಕ್ ಆಗೊಮ್ಮೆ ಈಗೊಮ್ಮೆ ಸಿಡಿಯುವ ಸೌಮ್ಯ ರಾಸಾಯನಿಕಗಳಿಗೆ. ಬೆಂಕಿ ಮತ್ತು ಹೊಗೆಯ ಭಯ ಹೆಚ್ಚಿರುವ ಇಕ್ಕಟ್ಟಾದ ಜಾಗಗಳಿಗೆ ಫೀನಾಲಿಕ್ ರೆಸಿನ್ ಒಳ್ಳೆಯದು, ಆದರೆ ಪ್ರಬಲ ಕ್ಷಾರ ಮತ್ತು ಆಕ್ಸಿಡೀಕರಣ ಮಾಡುವ ದ್ರವಗಳ ಮುಂದೆ ಅದು ನಿಲ್ಲುವುದಿಲ್ಲ, ಹೈಪೋಕ್ಲೋರೈಟ್ ಈ ಎರಡೂ ಗುಣಗಳಿರುವ ದ್ರವ. ಬೆಂಕಿಯ ಮಟ್ಟಿಗೆ ವಿನೈಲ್ ಎಸ್ಟರ್‌ನಲ್ಲೇ ಅಗ್ನಿನಿರೋಧಕ ಬೆರೆಸಿ, ಎಎಸ್‌ಟಿಎಂ ಇ-84 ಪರೀಕ್ಷೆಯಲ್ಲಿ ಜ್ವಾಲೆಯ ಹರಡುವಿಕೆಯ ಸೂಚ್ಯಂಕ 25 ಅಥವಾ ಅದಕ್ಕಿಂತ ಕಡಿಮೆ ಇರುವ ಮಾಲನ್ನು ಕೇಳಿ ಪಡೆಯಬಹುದು.

ಬಣ್ಣ ನೋಡಿ ರೆಸಿನ್ ಗುರುತಿಸಲು ಹೋಗಬೇಡಿ. ಹಸಿರು, ಹಳದಿ, ಬೂದು ಎಲ್ಲವೂ ಬೆರೆಸಿದ ವರ್ಣದ್ರವ್ಯ. ಅದೇ ಬಣ್ಣದಲ್ಲಿ ಅಗ್ಗದ ಪಾಲಿಯೆಸ್ಟರೂ ಬರುತ್ತದೆ. ಬ್ಯಾಚ್ ಸಂಖ್ಯೆ ನಮೂದಿಸಿದ ಪ್ರಮಾಣಪತ್ರವನ್ನು ಖರೀದಿ ಆದೇಶದಲ್ಲೇ ಷರತ್ತಾಗಿ ಬರೆಯಿರಿ, ನಿಮ್ಮ ದ್ರಾವಣಗಳ ಸಾಂದ್ರತೆ ಮತ್ತು ಉಷ್ಣತೆಯನ್ನೂ ತಯಾರಕರಿಗೆ ಬರೆದು ತಿಳಿಸಿ.

ಗ್ರೇಟಿಂಗ್ ಆಯ್ಕೆಗೆ ನೇರ ಸಂಬಂಧವಿಲ್ಲದಿದ್ದರೂ ಒಂದು ಮಾತನ್ನು ಹೇಳದೆ ಇರಲಾರೆ. ಗ್ರೇಟಿಂಗ್ ಎಂದರೆ ಸೋರಿದ್ದೆಲ್ಲ ಕೆಳಗಿಳಿಯುವ ನೆಲ. ಹೈಪೋಕ್ಲೋರೈಟೂ ಆಮ್ಲವೂ ಕೆಳಗೆ ಒಂದೇ ತೊಟ್ಟಿಯಲ್ಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಲ್ಲಿಯೇ ನಿಮ್ಮ ಜನ ಕೆಲಸ ಮಾಡುತ್ತಾರೆ. ಎರಡೂ ಪಂಪುಗಳ ಕೆಳಗಿನ ತೊಟ್ಟಿಗಳು ಬೇರೆಬೇರೆಯಾಗಿದ್ದು, ನಡುವೆ ಗೋಡೆ ಇದೆಯೇ ಎಂದು ಗ್ರೇಟಿಂಗ್ ತೆಗೆದ ದಿನವೇ ಖಚಿತಪಡಿಸಿಕೊಳ್ಳಿ.

ಉತ್ತರ – ಅಳವಡಿಕೆಯ ಗುತ್ತಿಗೆದಾರ

ಕಾಲುವೆಯ ದಾರಿಯ ಬಗ್ಗೆ ಯಾರೂ ಮುಟ್ಟದ ಒಂದು ತೊಡಕಿದೆ. 1.8 ಮೀಟರ್ ದಾಟಲು ಪಲ್ಟ್ರೂಡೆಡ್ ಹಾಕಿದರೆ ಅದರ ಪಟ್ಟಿಗಳು ದಡದಿಂದ ದಡಕ್ಕೆ, ಅಂದರೆ ಜನ ನಡೆಯುವ ದಿಕ್ಕಿಗೇ ಸಾಗುತ್ತವೆ. ಆಗ ಪಟ್ಟಿಗಳ ನಡುವಿನ ಸೀಳುಗಳೂ ಅದೇ ದಿಕ್ಕಿಗೆ ಬಂದು, ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಸೀಳಿನೊಳಗೆ ಇಳಿದು ಸಿಕ್ಕಿಕೊಳ್ಳಬಹುದು. ಅಂಗವಿಕಲರಿಗಾಗಿ ಅಮೆರಿಕ ಮಾಡಿರುವ ಎಡಿಎ ನಿಯಮ ತೆರವು 13 ಮಿ.ಮೀ. ಮೀರಬಾರದು, ಉದ್ದನೆಯ ಸೀಳುಗಳು ನಡಿಗೆಗೆ ಅಡ್ಡವಾಗಿರಬೇಕು ಎನ್ನುವುದು ಇದೇ ಕಾರಣಕ್ಕೆ.

ನನ್ನ ಸಲಹೆ ಹೀಗಿದೆ. ದಾರಿಯ ಎರಡು ಅಂಚುಗಳಲ್ಲಿ ದಡದಿಂದ ದಡಕ್ಕೆ ಎರಡು ಬೀಮ್ ಹಾಕಿ, ಗ್ರೇಟಿಂಗ್ ಅವುಗಳ ನಡುವೆ ಅಡ್ಡಲಾಗಿ ಕೂರಲಿ. ದಾರಿಯ ಅಗಲ 1.2 ಮೀಟರ್ ಇದ್ದರೆ ಗ್ರೇಟಿಂಗ್‌ಗೆ ಅಂತರವೂ ಅಷ್ಟಕ್ಕೇ ಇಳಿಯುತ್ತದೆ. ಸೀಳಿನ ದಿಕ್ಕೂ ಸರಿಹೋಗುತ್ತದೆ. ಇಷ್ಟಾದ ಮೇಲೆ 13 ಮಿ.ಮೀ.ಗಿಂತ ಕಡಿಮೆ ತೆರವಿನ ಮಿನಿ ಮೆಶ್ ಮೋಲ್ಡೆಡ್ ಎರಡೂ ಕಡೆಗೆ ನಡೆಯುತ್ತದೆ. ಅಂದರೆ ಸರಬರಾಜುದಾರರು ಹೇಳಿದ ಒಂದೇ ಮಾಲಿನ ಮಾತು ಉಳಿದರೂ ಉಳಿಯಬಹುದು, ಆದರೆ ಅವರು ಮನಸ್ಸಿನಲ್ಲಿಟ್ಟಿದ್ದ ಮಾಲು ಅದಲ್ಲ.

ಅಳವಡಿಸುವಾಗ ವಜ್ರದ ಲೇಪನವಿರುವ ಬ್ಲೇಡಿನಿಂದ ಕತ್ತರಿಸಿ. ಗಾಜಿನ ಧೂಳು ಏಳುವುದರಿಂದ ಮುಖವಾಡ, ಕನ್ನಡಕ, ತುಂಬುತೋಳಿನ ಅಂಗಿ ಕಡ್ಡಾಯ. ಕತ್ತರಿಸಿದ ಪ್ರತಿ ಅಂಚಿಗೂ ಅದೇ ಬಗೆಯ ರೆಸಿನ್ ಬಳಿಯದಿದ್ದರೆ, ಬರಿಯಾದ ಗಾಜಿನ ಎಳೆಗಳ ಗುಂಟ ರಾಸಾಯನಿಕ ಒಳಕ್ಕೆ ಹತ್ತುತ್ತದೆ. ಪೈಪಿನ ಸುತ್ತಲಿನ ಕತ್ತರಿಕೆಗಳಲ್ಲಿ ಇದನ್ನು ಬಿಟ್ಟುಬಿಡುವ ಕೆಲಸಗಾರರೇ ಹೆಚ್ಚು, ನಿಂತು ಮಾಡಿಸಿ. ಪ್ಯಾನೆಲ್ ಬೀಮ್ ಮೇಲೆ ಕನಿಷ್ಠ 38 ಮಿ.ಮೀ. ಕೂರಬೇಕು, ಪ್ರತಿ ಪ್ಯಾನೆಲ್‌ಗೆ ನಾಲ್ಕಾದರೂ ಕ್ಲಿಪ್ ಇರಬೇಕು. ಪ್ಯಾನೆಲ್‌ಗಳು ಒಂದಕ್ಕೊಂದು ಸೇರುವ ಕಡೆ ಜೋಡಣೆಯ ಕ್ಲಿಪ್ ಹಾಕಿದರೆ ಆ 4 ಮಿ.ಮೀ. ಮೆಟ್ಟಿಲು ತಪ್ಪುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಕ್ಲಿಪ್ಪುಗಳಿಗೂ ಈ ಎರಡು ದ್ರವಗಳ ತೊಟ್ಟು ಬಿದ್ದರೆ ಗುಳಿಗಳಾಗುತ್ತವೆ, ಪಂಪಿನ ಅಡಿಯಲ್ಲಿರುವವನ್ನು ಆಗಾಗ ಬಿಚ್ಚಿ ನೋಡಬೇಕು. ಬಿಸಿಲಿಗೆ ಬೀಳುವ ಕಾಲುವೆಯ ದಾರಿಗೆ ಅತಿನೇರಳೆ ನಿರೋಧಕ ಬೆರೆಸಿದ ಮಾಲು ಬೇಕು. ಇಲ್ಲದಿದ್ದರೆ ಮೇಲ್ಮೈ ಸವೆದು ಎಳೆಗಳು ಮೇಲೆದ್ದು ಕೈಗೆ ಚುಚ್ಚುತ್ತವೆ.

ಪ್ರಶ್ನೆ ಕೇಳಿದವರು – ನಿರ್ವಹಣಾ ಎಂಜಿನಿಯರ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಳಗಿನ ತೊಟ್ಟಿಗಳ ನಡುವೆ ಗೋಡೆ ಇದೆ, ಆದರೆ ಎತ್ತರ ಸಾಲದು. ಅದನ್ನು ಮೊದಲು ಸರಿಪಡಿಸುತ್ತೇವೆ. ಒಂದು ವಿಷಯ ಹೇಳದೆ ಉಳಿದಿತ್ತು: 200 ಲೀಟರಿನ ಡ್ರಮ್‌ಗಳನ್ನು ಕೈಗಾಡಿಯಲ್ಲಿ ವೇದಿಕೆಯ ಮೇಲೆಯೇ ತಳ್ಳಿಕೊಂಡು ಹೋಗುತ್ತಾರೆ. ಇದರಿಂದ ಆಯ್ಕೆ ಬದಲಾಗುವುದೇ?

ಉತ್ತರ – ಸ್ಟ್ರಕ್ಚರಲ್ ಎಂಜಿನಿಯರ್

ಬದಲಾಗುತ್ತದೆ. ಹೈಪೋಕ್ಲೋರೈಟ್ ನೀರಿಗಿಂತ ಭಾರ. ತುಂಬಿದ ಡ್ರಮ್ ಮತ್ತು ಗಾಡಿ ಸೇರಿ ಸುಲಭವಾಗಿ 250 ಕಿಲೋ ದಾಟುತ್ತದೆ, ಅದು ಎರಡು ಗಟ್ಟಿ ಚಕ್ರಗಳ ಅಡಿಯ ಬೆರಳಗಲದ ಜಾಗದ ಮೇಲೆ ನಿಲ್ಲುತ್ತದೆ. ನಾನು ಹೇಳಿದ ಮಾನದಂಡದ ಬಿಂದುಭಾರ 200×200 ಮಿ.ಮೀ. ಜಾಗದ ಮೇಲೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಮಾತ್ರ. ಹರಡಿದ ಭಾರದ ಕೋಷ್ಟಕ ಇಲ್ಲಿ ಉಪಯೋಗಕ್ಕೆ ಬಾರದು. ಇಡೀ ವೇದಿಕೆಗೆ ದಪ್ಪ ಮಾಲು ಹಾಕುವ ಬದಲು, ಡ್ರಮ್ ಸಾಗುವ ಪಥವನ್ನು ನೆಲದ ಮೇಲೆ ಗುರುತಿಸಿ, ಅದರಡಿಯಲ್ಲಿ ಬೀಮ್‌ಗಳ ನಡುವೆ ಇನ್ನೊಂದು ಬೀಮ್ ಸೇರಿಸಿ. ಅಂತರ 600 ಮಿ.ಮೀ.ಗೆ ಇಳಿದರೆ ಚಕ್ರದ ಭಾರಕ್ಕೆ ಬಾಗುವಿಕೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಗಾಡಿಗೆ ಅಗಲವಾದ ರಬ್ಬರ್ ಚಕ್ರ ಹಾಕಿಸಿ. ಪಂಪುಗಳನ್ನು ಗ್ರೇಟಿಂಗ್ ಮೇಲೆ ಕೂರಿಸದೆ, ಬೀಮ್‌ನಿಂದಲೇ ಎದ್ದ ಪ್ರತ್ಯೇಕ ಪೀಠದ ಮೇಲೆ ನಿಲ್ಲಿಸಿ. ಚಕ್ರದ ಅಗಲ, ಎರಡು ಚಕ್ರಗಳ ನಡುವಿನ ದೂರ, ತುಂಬಿದ ಗಾಡಿಯ ತೂಕ ಇಷ್ಟನ್ನು ಅಳೆದು ತಯಾರಕರಿಗೆ ಕೊಟ್ಟು, ಆ ಭಾರಕ್ಕೆ ಬಾಗುವಿಕೆಯ ಲೆಕ್ಕವನ್ನು ಲಿಖಿತವಾಗಿ ಪಡೆದ ನಂತರವೇ ಆದೇಶ ನೀಡಿ.