ಹಲ್ಲಿನೊಳಗೆ ಬೇಕಂತಲೇ ರಕ್ತ ಬರಿಸುತ್ತಾರಂತೆ, ಯಾಕೆ?

ಪುಟ್ಟಿಯಪ್ಪ, ವಿಜಯನಗರ:
ಮಗಳಿಗೆ 8 ವರ್ಷ. ನಾಲ್ಕು ತಿಂಗಳ ಹಿಂದೆ ಪಾರ್ಕಿನ ಜಾರುಬಂಡೆಯಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಮುರಿದುಕೊಂಡಳು. ಹಾಲು ಹಲ್ಲಲ್ಲ, ಆಗಷ್ಟೇ ಬಂದಿದ್ದ ಹೊಸದು. ನೋವಿಲ್ಲ ಅಂದಳು, ನಾವೂ ಸುಮ್ಮನಾದೆವು. ಹೋದ ವಾರ ವಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ, ಒತ್ತಿದರೆ ಕೀವು. ಎಕ್ಸ್‌ರೇ ನೋಡಿದ ಡಾಕ್ಟರು, ಒಳಗಿನ ನರ ಸತ್ತಿದೆ, ಬೇರಿನ ತುದಿ ಇನ್ನೂ ತೆರೆದೇ ಇದೆ, ಮಾಮೂಲಿ ರೂಟ್ ಕೆನಾಲ್ ಬೇಡ, ಕ್ಲೀನ್ ಮಾಡಿ ಒಳಗೆ ಸ್ವಲ್ಪ ರಕ್ತ ಬರಿಸೋಣ, ಗ್ರೋತ್ ಫ್ಯಾಕ್ಟರ್‌ನಿಂದ ಬೇರು ತಾನೇ ಬೆಳೆಯಬಹುದು ಅಂದರು. ರಕ್ತ ನಿಲ್ಲಿಸೋ ಡಾಕ್ಟರನ್ನು ನೋಡಿದ್ದೇನೆ, ಬರಿಸೋರನ್ನು ಇದೇ ಮೊದಲು. ಈ ಗ್ರೋತ್ ಫ್ಯಾಕ್ಟರ್ ಅಂದರೆ ಔಷಧಿಯಾ? ಹಾಗಿದ್ದರೆ ಇಂಜೆಕ್ಷನ್ ಕೊಡಬಾರದಾ?

ಹಲ್ಲು_ಡಾಕ್ಟ್ರು, ಬನಶಂಕರಿ:
ಔಷಧಿ ಅಲ್ಲ ಸರ್, ನಮ್ಮ ಮೈಯೇ ತಯಾರಿಸೋ ಪ್ರೋಟೀನು. ಮೊಸರಿಗೆ ಹೆಪ್ಪು ಹಾಕುತ್ತೀರಲ್ಲ, ಹಾಗೆ ಅಂದುಕೊಳ್ಳಿ. ಹೆಪ್ಪು ಎಷ್ಟೇ ಚೆನ್ನಾಗಿದ್ದರೂ ಪಾತ್ರೆಯಲ್ಲಿ ಹಾಲೇ ಇಲ್ಲದಿದ್ದರೆ ಏನು ಮಾಡೋದು? ಇಲ್ಲಿ ಹಾಲು ಅಂದರೆ ಜೀವಕೋಶ. ಮಗಳ ವಯಸ್ಸಿನಲ್ಲಿ ಬೇರಿನ ತುದಿಗೆ ಅಂಟಿಕೊಂಡು ಒಂದು ಮೆತ್ತನೆ ಭಾಗ ಇರುತ್ತದೆ, ಅದರಲ್ಲಿ ಸ್ಟೆಮ್ ಸೆಲ್ ಜಾಸ್ತಿ, ಅಂದರೆ ಬೇರೆ ಬೇರೆ ಥರದ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು. ಒಳಗಿನ ತಿರುಳು (ನಿಮ್ಮ ಡಾಕ್ಟರು ನರ ಅಂದದ್ದು) ಸತ್ತರೂ ಇವು ಎಷ್ಟೋ ಸಲ ಬದುಕಿರುತ್ತವೆ. ಈ ಹಲ್ಲಿನ ಬೇರು ಪೂರ್ತಿಯಾಗೋದು ಸುಮಾರು 10ನೇ ವರ್ಷಕ್ಕೆ, ಹಾಗಾಗಿ ನಿಮಗೆ ಇನ್ನೂ ಅವಕಾಶ ಇದೆ.

ಮೊದಲ ಸಲ ಕ್ರಿಮಿ ಕೊಲ್ಲೋ ಹೈಪೋಕ್ಲೋರೈಟ್ ದ್ರಾವಣ ಹಾಕಿ ತೊಳೆಯುತ್ತೇವೆ, ಅದೂ 1.5% ಅಷ್ಟೇ. ಜಾಸ್ತಿ ಕಡಕ್ ಆದರೆ ಕ್ರಿಮಿಗಳ ಜೊತೆ ಆ ಕೋಶಗಳೂ ಹೋಗುತ್ತವೆ. ಔಷಧಿ ಇಟ್ಟು ಕೆಲವು ವಾರ ಬಿಡುತ್ತೇವೆ. ಎರಡನೇ ಸಲ ತೊಳೆಯೋದು 17% ಇಡಿಟಿಎ ಅನ್ನೋ ದ್ರಾವಣದಿಂದ, ಇಲ್ಲೇ ಮಜಾ ಇರೋದು. ಹಲ್ಲು ಬೆಳೆಯುವಾಗಲೇ ಟಿಜಿಎಫ್-ಬೀಟಾ, ಬಿಎಂಪಿ, ವಿಇಜಿಎಫ್ ಅನ್ನೋ ಗ್ರೋತ್ ಫ್ಯಾಕ್ಟರ್‌ಗಳೆಲ್ಲ ಡೆಂಟಿನ್ ಒಳಗೆ, ಅಂದರೆ ತಿರುಳಿನ ಸುತ್ತ ಇರೋ ಹಲ್ಲಿನ ಗಟ್ಟಿ ಭಾಗದೊಳಗೆ, ಹೂತುಹೋಗಿರುತ್ತವೆ. ಇಡಿಟಿಎ ಸುಣ್ಣದಂಶ ಕರಗಿಸಿದ ಮೇಲೆ ಅವು ಹೊರಗೆ ಬರುತ್ತವೆ. ಆಮೇಲೆ ಸಣ್ಣ ಫೈಲನ್ನು ಬೇರಿನ ತುದಿಯಿಂದ 2 ಮಿ.ಮೀ. ಆಚೆ ತಿರುಗಿಸಿದರೆ ರಕ್ತ ಮೇಲೇರುತ್ತದೆ, ಕೋಶಗಳೂ ಅದರ ಜೊತೆಗೇ ಬರುತ್ತವೆ. ರಕ್ತ ಬರಲಿ ಅಂತಲೇ ಅವತ್ತು ರಕ್ತನಾಳ ಬಿಗಿಸೋ ಅಡ್ರಿನಲಿನ್ ಇಲ್ಲದ ಮರಗಟ್ಟಿಸೋ ಇಂಜೆಕ್ಷನ್ ಕೊಡೋದು. ಹೆಪ್ಪುಗಟ್ಟಿದ ಮೇಲೆ ಎಂಟಿಎ ಥರದ ಸಿಮೆಂಟಿನಿಂದ ಮುಚ್ಚುತ್ತೇವೆ. ಕೆಲವು ಸಲ ಹಲ್ಲು ಬೂದು ಬಣ್ಣಕ್ಕೆ ತಿರುಗುತ್ತದೆ, ಹೆಣ್ಣು ಮಗು ಅಂತ ಆಮೇಲೆ ಗಾಬರಿಯಾಗಬೇಡಿ, ಮೊದಲೇ ಕೇಳಿಕೊಳ್ಳಿ.

ಸೆಲ್_ಸಾಕೋಳು, ಹೆಬ್ಬಾಳ:
ಲ್ಯಾಬಿನಲ್ಲಿ ಹಲ್ಲಿನ ತಿರುಳಿನ ಕೋಶ ಬೆಳೆಸೋದೇ ನನ್ನ ಕೆಲಸ. ಡಾಕ್ಟರ ಹೆಪ್ಪಿನ ಮಾತಿಗೆ ಒಂದು ತಕರಾರು. ಹೆಪ್ಪು ಹಾಲಿನಲ್ಲಿ ತಾನೇ ದುಪ್ಪಟ್ಟಾಗುತ್ತಾ ಹೋಗುತ್ತದೆ. ಗ್ರೋತ್ ಫ್ಯಾಕ್ಟರ್ ಹಾಗಲ್ಲ, ಬೇಗ ಒಡೆದುಹೋಗುತ್ತದೆ. ಸುಮ್ನೆ ಇಂಜೆಕ್ಷನ್ ಕೊಟ್ಟರೆ ಅದಕ್ಕೇ ಪ್ರಯೋಜನ ಕಮ್ಮಿ. ಡೆಂಟಿನ್ನಿಗೋ ರಕ್ತದ ಹೆಪ್ಪಿನಲ್ಲಿರೋ ಫೈಬ್ರಿನ್ ಅನ್ನೋ ಪ್ರೋಟೀನಿನ ಎಳೆಗಳ ಬಲೆಗೋ ಅಂಟಿಕೊಂಡಿದ್ದರೆ ನಿಧಾನವಾಗಿ ಬಿಡುಗಡೆಯಾಗುತ್ತದೆ.

ಗ್ರೋತ್ ಫ್ಯಾಕ್ಟರ್ ಕೋಶದ ಮೈಮೇಲಿನ ರಿಸೆಪ್ಟರ್ (ಸುದ್ದಿ ಹಿಡಿಯೋ ಕೊಂಡಿ) ಹಿಡಿದುಕೊಳ್ಳುತ್ತದೆ. ಟಿಜಿಎಫ್-ಬೀಟಾ ಆದರೆ ಒಳಗೆ ಸ್ಮ್ಯಾಡ್ ಅನ್ನೋ ಪ್ರೋಟೀನುಗಳು ಆ ಸುದ್ದಿಯನ್ನು ನ್ಯೂಕ್ಲಿಯಸ್‌ಗೆ ಮುಟ್ಟಿಸಿ ಜೀನ್‌ಗಳನ್ನು ಎಬ್ಬಿಸುತ್ತವೆ. ರಕ್ತದ ಪ್ಲೇಟ್‌ಲೆಟ್‌ನಿಂದ ಬರೋ ಪಿಡಿಜಿಎಫ್ ಅನ್ನೋ ಇನ್ನೊಂದು ಗ್ರೋತ್ ಫ್ಯಾಕ್ಟರ್ ಕೋಶಗಳನ್ನು ಕರೆದು ಸಂಖ್ಯೆ ಹೆಚ್ಚಿಸುತ್ತದೆ, ವಿಇಜಿಎಫ್ ರಕ್ತನಾಳ ಹಬ್ಬಿಸುತ್ತದೆ, ಬಿಎಂಪಿ ಗಟ್ಟಿ ಪದಾರ್ಥ ಕಟ್ಟೋ ಕಡೆಗೆ ತಿರುಗಿಸುತ್ತದೆ. ನಮ್ಮ ತಟ್ಟೆಯಲ್ಲಿ ಮೊದಲ ದಿನ ಕೋಶಗಳು ಸಣ್ಣ ಮೀನುಗಳ ಹಾಗೆ ಉದ್ದಕ್ಕೆ ಮಲಗಿರುತ್ತವೆ. ಮೂರು ವಾರ ಬಿಟ್ಟು ಅಲಿಜರಿನ್ ಬಣ್ಣ ಹಾಕಿದರೆ ಸುಣ್ಣ ಕಟ್ಟಿದ ಕಡೆಯೆಲ್ಲ ಕೆಂಪು, ಯಾರೋ ಕುಂಕುಮ ಚೆಲ್ಲಿದ ಹಾಗೆ.

ಅಂದಹಾಗೆ ಈ ಗ್ರೋತ್ ಫ್ಯಾಕ್ಟರ್ ಕಥೆಗೂ ಹಲ್ಲಿಗೂ ಹಳೇ ನಂಟು. ಸ್ಟ್ಯಾನ್ಲಿ ಕೋಹೆನ್ ಅನ್ನೋ ವಿಜ್ಞಾನಿ ಇಲಿಯ ಜೊಲ್ಲು ಗ್ರಂಥಿಯ ಸಾರವನ್ನು ಆಗ ತಾನೇ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ ಅವು ಬೇಗ ಕಣ್ಣು ಬಿಟ್ಟವು, ಹಲ್ಲೂ ಬೇಗ ಮೂಡಿತು. ಇಜಿಎಫ್ ಅನ್ನೋ ಗ್ರೋತ್ ಫ್ಯಾಕ್ಟರ್ ಸಿಕ್ಕಿದ್ದು ಹಾಗೆ. ಅವರಿಗೆ 1986ರಲ್ಲಿ ನೊಬೆಲ್ ಬಂತು.

ಮಲ್ಲೇಶ್ವರಂ_ಮಾಮ:
ನನಗೆ 58. ದವಡೆ ಹಲ್ಲು ಹೀಗೇ ಸತ್ತಿದೆ. ನನಗೂ ರಕ್ತ ಬರಿಸಿ ಬೆಳೆಸಬಹುದಾ?

ಹಲ್ಲು_ಡಾಕ್ಟ್ರು, ಬನಶಂಕರಿ:
ಬೆಳೆಸೋದಕ್ಕೆ ಏನೂ ಉಳಿದಿಲ್ಲ ಮಾಮ, ನಿಮ್ಮ ಬೇರು ಬೆಳೆದು ಎಷ್ಟು ವರ್ಷ ಆಯಿತು! ತುದಿ ಸೂಜಿ ಮೊನೆಯಷ್ಟಾಗಿರುತ್ತದೆ. ರೂಟ್ ಕೆನಾಲ್ ಮಾಡಿಸಿ, ಕ್ಯಾಪ್ ಹಾಕಿಸಿ.

ಪುಟ್ಟಿಯಪ್ಪ ಅವರೇ, ಮಗುವಿಗೂ ಗ್ಯಾರಂಟಿ ಅಂತ ಹೇಳಲಾರೆ. ಗುಳ್ಳೆ ಒಣಗೋದು, ಕೀವು ನಿಲ್ಲೋದು ಸಾಮಾನ್ಯವಾಗಿ ಆಗುತ್ತದೆ. ಬೇರು ದಪ್ಪ ಆಗುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಳಗೆ ಬೆಳೆದದ್ದು ನಿಜವಾದ ತಿರುಳಾಗದೆ ಮೂಳೆಯಂಥದ್ದೂ ಆಗಿರಬಹುದು. ಆದರೂ ತೆಳು ಗೋಡೆಯ ಹಲ್ಲಿಗೆ ಅದೇ ದೊಡ್ಡ ಆಸರೆ. ಆರು ತಿಂಗಳಿಗೊಮ್ಮೆ ಎಕ್ಸ್‌ರೇ ತಪ್ಪಿಸಬೇಡಿ.

ಪುಟ್ಟಿಯಪ್ಪ, ವಿಜಯನಗರ:
ಥ್ಯಾಂಕ್ಸ್ ಎಲ್ಲರಿಗೂ. ಶನಿವಾರ ಮೊದಲ ಸಿಟ್ಟಿಂಗ್. ಬಣ್ಣದ ವಿಷಯ ಮಗಳಿಗೆ ಹೇಳಿದೆ, ಪಿಂಕ್ ಸಿಗುತ್ತಾ ಅಂತ ಕೇಳುತ್ತಿದ್ದಾಳೆ.